ಖಾಲಾರ ಸ್ಕ್ಯಾನ್ ರಿಪೋರ್ಟ್ ಕಲಿಸಿದ ಪಾಠ

ನಾನು ಕಾಮರ್ಸ್ ವಿದ್ಯಾರ್ಥಿನಿ. ವಿಜ್ಞಾನವನ್ನು ಎಸ್ಸೆಸ್ಸೆಲ್ಸಿಗೇ ಬಿಟ್ಟೆ. ಆದರೂ ಈ ಪಾಠ ಬರೆಯಲು ಕಾರಣ ಹೂಲಿಯಲ್ಲಿರುವ ನನ್ನ ಖಾಲಾ.

ಅವರಿಗೆ 56 ವರ್ಷ, ಮುಟ್ಟು ನಿಂತು ಐದು ವರ್ಷವಾಗಿದೆ. ಕಿಡ್ನಿ ಕಲ್ಲಿನ ನೋವಿಗೆಂದು ಸ್ಕ್ಯಾನ್ ಮಾಡಿಸಿದಾಗ ಗರ್ಭಕೋಶದಲ್ಲಿ ಗಡ್ಡೆ ಕಂಡಿತು. "ಇದೇ ವಾರ ಗರ್ಭಕೋಶ ತೆಗೆಸಿಬಿಡ್ರಿ" ಎಂದರು ಒಬ್ಬ ವೈದ್ಯರು. ರಸೋಲಿ ಎಂದರೆ ನಮ್ಮ ಮನೆಯಲ್ಲಿ ಕ್ಯಾನ್ಸರ್ ಎಂದೇ ಅರ್ಥ. ಖಾಲಾ ಬಳೆ ಅಡವಿಡಲು ಹೊರಟರು. ಅಮ್ಮಿ ತಡೆದು ಬೆಳಗಾವಿಯಲ್ಲಿ ಇನ್ನೊಬ್ಬ ವೈದ್ಯರಿಗೆ ತೋರಿಸಿದರು. ಎಂಆರ್‌ಐ ಆಯಿತು. ಗಡ್ಡೆಯ ಹೆಸರು ಲೈಪೋಲಿಯೋಮಯೋಮಾ.

ಗರ್ಭಕೋಶದ ಸ್ನಾಯುವಿನಿಂದ ಬೆಳೆಯುವ ಫೈಬ್ರಾಯ್ಡ್ ಗಡ್ಡೆ ಬಹಳ ಹೆಂಗಸರಲ್ಲಿ ಇರುತ್ತದೆ. ಅದರೊಳಗೆ ಕೊಬ್ಬು ಸೇರಿದರೆ ಈ ಅಪರೂಪದ ಗಡ್ಡೆ. ಹೆಚ್ಚಾಗಿ ಮುಟ್ಟು ನಿಂತವರಲ್ಲಿ ಕಾಣುತ್ತದೆ, ಇದು ಕ್ಯಾನ್ಸರ್ ಅಲ್ಲ. ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣುವುದರಿಂದ ಅಂಡಾಶಯದ ಗಡ್ಡೆ ಎಂದು ತಪ್ಪು ತಿಳಿಯುವುದುಂಟು. ಒಳಗಿರುವುದು ಕೊಬ್ಬೇ, ಗಡ್ಡೆ ಹುಟ್ಟಿದ್ದು ಗರ್ಭಕೋಶದಲ್ಲೇ ಎಂಬುದನ್ನು ಎಂಆರ್‌ಐ ತೋರಿಸುತ್ತದೆ. ಪೂರ್ತಿ ಖಾತರಿ ಮಾತ್ರ ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಮೇಲೆಯೇ.

ತೊಂದರೆ ಇಲ್ಲದಿದ್ದರೆ ಆಪರೇಷನ್ ಬೇಕಿಲ್ಲ, ಆಗಾಗ ಸ್ಕ್ಯಾನ್ ಮಾಡಿಸಿ ಗಮನಿಸಿದರೆ ಸಾಕು. ಆದರೆ ಮುಟ್ಟು ನಿಂತ ಮೇಲೆ ರಕ್ತ ಹೋದರೆ, ಗಡ್ಡೆ ಬೇಗ ಬೆಳೆದರೆ ನಾಚಿಕೆ ಬಿಟ್ಟು ತಕ್ಷಣ ತೋರಿಸಬೇಕು. ಆಗ ಆಪರೇಷನ್ನೇ ಸರಿಯಾದ ದಾರಿಯೂ ಆಗಬಹುದು.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಹಾಗೂ ದಲಿತ ಮಹಿಳೆಯರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ವಿಷಯ 2015ರಲ್ಲಿ ದೊಡ್ಡ ಸುದ್ದಿಯಾಗಿ ತನಿಖೆ ನಡೆಯಿತು. ಇಂಥ ಆಪರೇಷನ್ ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮೂರು ತಿಂಗಳೊಳಗೆ ಅದನ್ನು ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಿತು.

ಗೆಳತಿಯರೇ, ಗೆಳೆಯರೇ, ನಿಮ್ಮ ಮನೆಯಲ್ಲೂ ಇಂಥ ರಿಪೋರ್ಟ್ ಬಂದರೆ ವೈದ್ಯರಿಗೆ ಮೂರು ಪ್ರಶ್ನೆ ಕೇಳಿ:

1. ಗಡ್ಡೆ ಯಾವುದು, ಎಷ್ಟು ದೊಡ್ಡದು?
2. ಈಗಿರುವ ತೊಂದರೆ ಅದರಿಂದಲೇ ಬಂದದ್ದೇ?
3. ಮಾತ್ರೆ, ಗಡ್ಡೆಯನ್ನಷ್ಟೇ ತೆಗೆಯುವುದು, ಕಾದು ನೋಡುವುದು – ಇವುಗಳಲ್ಲಿ ಯಾವುದೂ ಆಗುವುದಿಲ್ಲವೇ?

ಓದಲು ಬಾರದ ಹಿರಿಯರ ಜೊತೆ ನಾವೇ ಆಸ್ಪತ್ರೆಗೆ ಹೋಗೋಣ. ಖಾಲಾರ ಬಳೆ ಅವರ ಕೈಯಲ್ಲೇ ಇವೆ. ಆರು ತಿಂಗಳ ಮೇಲೆ ಮತ್ತೊಂದು ಸ್ಕ್ಯಾನ್ ಇದೆ, ಫೈಲ್ ಹಿಡಿದು ನಾನೂ ಹೋಗುತ್ತೇನೆ.