ಮಾರ್ಟ್‌ಗೇಜ್ ನವೀಕರಣಕ್ಕೆ ಮುನ್ನ ಕಾರು ಸಾಲ ಬೇಕೇ?

ಪ್ರಶ್ನೆ: ನಾವು ದಂಪತಿ ಕೆನಡಾದ ಬ್ರಾಂಪ್ಟನ್‌ನಲ್ಲಿದ್ದೇವೆ. 5 ವರ್ಷದ ಮಾರ್ಟ್‌ಗೇಜ್ ಅವಧಿ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಈಗ ಕಾರಿಗೆ ಸಾಲ ಮಾಡಿದರೆ ತೊಂದರೆಯೇ?

ಉತ್ತರ: ಸಾಧ್ಯವಿದ್ದರೆ ನವೀಕರಣ ಮುಗಿಯುವವರೆಗೆ ಕಾಯಿರಿ. ಕಂತು ತಪ್ಪಿಸದೆ ಕಟ್ಟಿಕೊಂಡು ಬಂದಿದ್ದು, ಈಗಿನ ಬ್ಯಾಂಕಿನಲ್ಲೇ ಉಳಿಯುವುದಾದರೆ ಸಾಮಾನ್ಯವಾಗಿ ನಿಮ್ಮ ಆದಾಯ, ಸಾಲಗಳನ್ನು ಮತ್ತೆ ಕೆದಕುವುದಿಲ್ಲ. ತೊಡಕಾಗುವುದು ಕಡಿಮೆ ಬಡ್ಡಿಗಾಗಿ ಬೇರೆ ಬ್ಯಾಂಕಿಗೆ ಹೋದಾಗ. ಸಾಲದ ಮೊತ್ತ, ಮರುಪಾವತಿಯ ಒಟ್ಟು ಅವಧಿ ಹೆಚ್ಚಿಸದೆ ಬ್ಯಾಂಕ್ ಮಾತ್ರ ಬದಲಿಸುವವರಿಗೆ, ವಿಮೆಯಿಲ್ಲದ ಮಾರ್ಟ್‌ಗೇಜ್ ಆಗಿದ್ದರೂ, 2024ರ ನವೆಂಬರ್ 21ರಿಂದ ಸ್ಟ್ರೆಸ್ ಟೆಸ್ಟ್ (ಬಡ್ಡಿ ದರ ಇನ್ನೂ ಹೆಚ್ಚಿದ್ದರೂ ಕಂತು ಕಟ್ಟಬಲ್ಲಿರಾ ಎಂಬ ಪರೀಕ್ಷೆ) ಕಡ್ಡಾಯವಲ್ಲ. ಆದರೂ ಹೊಸ ಬ್ಯಾಂಕ್ ಇಬ್ಬರ ಆದಾಯ, ಕ್ರೆಡಿಟ್ ಸ್ಕೋರ್, ಇರುವ ಕಂತುಗಳನ್ನೆಲ್ಲ ನೋಡಿಯೇ ನೋಡುತ್ತದೆ. ವರ್ಷಕ್ಕೆ 1,20,000 ಡಾಲರ್ ಆದಾಯವಿದ್ದರೆ, ತಿಂಗಳಿಗೆ 700 ಡಾಲರ್‌ನ ಕಾರಿನ ಕಂತೊಂದೇ ಅದರ ಶೇ 7ರಷ್ಟನ್ನು ನುಂಗುತ್ತದೆ. ವಿಮೆಯುಳ್ಳ ಮಾರ್ಟ್‌ಗೇಜ್‌ಗಳಲ್ಲಿ ಮನೆಯ ವೆಚ್ಚ, ಎಲ್ಲ ಸಾಲದ ಕಂತು ಸೇರಿ ಆದಾಯದ ಶೇ 44 ಮಿತಿ ಎಂಬುದು ನೆನಪಿರಲಿ.

ಕಾರಿನ ದುಡ್ಡನ್ನೂ ಮನೆಯ ಸಾಲಕ್ಕೇ ಸೇರಿಸೋಣ ಅನ್ನಿಸಬಹುದು. ಬೇಡ. ಅದು ರಿಫೈನಾನ್ಸ್ ಆಗುತ್ತದೆ, ಸ್ಟ್ರೆಸ್ ಟೆಸ್ಟ್ ಮತ್ತೆ ಎದುರಾಗುತ್ತದೆ, ಕಾರು ಹಳತಾದ ಮೇಲೂ ಬಡ್ಡಿ ಕಟ್ಟುತ್ತಿರುತ್ತೀರಿ.

ಬ್ಯಾಂಕಿನ ನವೀಕರಣ ಪತ್ರ ಅವಧಿ ಮುಗಿಯಲು 21 ದಿನ ಇರುವಾಗಲೂ ಬರಬಹುದು. ಅದಕ್ಕೆ ಕಾಯದೆ ಈಗಲೇ ಎರಡು ಮೂರು ಕಡೆ ಬಡ್ಡಿ ದರ ವಿಚಾರಿಸಿ, ಲಿಖಿತವಾಗಿ ಪಡೆಯಿರಿ. ಬದಲಾವಣೆ ಪೂರ್ಣಗೊಳ್ಳುವವರೆಗೆ ಹೊಸ ಕ್ರೆಡಿಟ್ ಕಾರ್ಡಿಗೂ ಅರ್ಜಿ ಹಾಕಬೇಡಿ. ಈಚೆಗೆ ಕಂತು ತಪ್ಪಿದ್ದರೆ ಅಥವಾ ಇಬ್ಬರಲ್ಲೊಬ್ಬರ ಕೆಲಸ ಹೋಗಿದ್ದರೆ, ಪರವಾನಗಿ ಇರುವ ಮಾರ್ಟ್‌ಗೇಜ್ ಬ್ರೋಕರ್ ಒಬ್ಬರನ್ನು ಈ ವಾರವೇ ಕಾಣಿರಿ.