ಹೊಲದ ರಾಗಿ, ಹಿತ್ತಿಲ ಸೊಪ್ಪು



ಈ ಪಾಠವನ್ನು ಪತಿಪತ್ನಿಯರು ಒಟ್ಟಿಗೆ ಕುಳಿತು ಓದಬೇಕೆಂಬುದು ನನ್ನ ಕೋರಿಕೆ. ಓದುಬಲ್ಲವರೊಬ್ಬರು ಸಂಜೆ ಅಂಗನವಾಡಿಯ ಜಗುಲಿಯಲ್ಲಿ ಗಟ್ಟಿಯಾಗಿ ಓದಿದರೆ ಉಳಿದವರು ಕೇಳಬಹುದು. ಗಂಡಸರು ದೂರ ನಿಂತು ಬೀಡಿ ಸೇದುತ್ತ ಕಾಯುವುದು ಬೇಡ. ಹೊಲದಲ್ಲಿ ಏನು ಬಿತ್ತಬೇಕು, ಸಂತೆಯಿಂದ ಏನು ತರಬೇಕು ಎಂಬುದನ್ನು ಬಹುಪಾಲು ಮನೆಗಳಲ್ಲಿ ಅವರೇ ನಿರ್ಧರಿಸುವರಲ್ಲವೇ?

ಕೆಲವು ಕಾಲದ ಹಿಂದೆ ಏಳು ತಿಂಗಳ ಗರ್ಭಿಣಿಯೊಬ್ಬಳು ನನ್ನಲ್ಲಿಗೆ ಬಂದಳು. ನಾಲಿಗೆ, ಉಗುರು, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿದ್ದವು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಗರ್ಭಿಣಿಯಲ್ಲಿ 11 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ ಅವಳಲ್ಲಿ 6.8 ಇತ್ತು. ವಿಚಾರಿಸಲಾಗಿ, ಮನೆಯವರು ಬೆಳೆದ ರಾಗಿಯನ್ನೆಲ್ಲ ಮಾರಿ ಬಿಳಿಯ ಅಕ್ಕಿ ತರುತ್ತಿದ್ದರೆಂದು ತಿಳಿಯಿತು. ಹಿತ್ತಿಲಲ್ಲಿ ನುಗ್ಗೆಮರವಿತ್ತು, ಕಾಯಿ ಸಾರಿಗೆ, ಸೊಪ್ಪು ಮೇಕೆಗೆ! ಎಲ್ಲರೂ ಉಂಡ ಬಳಿಕ ಪಾತ್ರೆಯ ತಳದಲ್ಲಿ ಉಳಿದದ್ದು ಅವಳ ಊಟ. ಹೆರಿಗೆಯಲ್ಲಿ ತುಸು ಹೆಚ್ಚು ರಕ್ತ ಹೋದರೂ ಇಂತಹವರ ಪ್ರಾಣಕ್ಕೆ ಅಪಾಯವಾದ್ದರಿಂದ ಅಂದೇ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಬೇಕಾಯಿತು.

ಇದು ಅವಳೊಬ್ಬಳ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದ್ದಿತು.

100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ದೊರೆತರೆ ಹೆಚ್ಚು. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಅದರ ಕಬ್ಬಿಣದ ಅಂಶ ದೇಹಕ್ಕೆ ಸುಲಭವಾಗಿ ಸೇರುವುದು. ಕೊಳವೆಬಾವಿಯ ಹಂಗಿಲ್ಲದೆ ಮಳೆಯಾಶ್ರಯದ ಕೆಂಪು ಭೂಮಿಯಲ್ಲಿ ಬೆಳೆಯುವ, ಹಿರಿಯರು ಹಗೇವಿನಲ್ಲಿ ವರ್ಷಗಟ್ಟಲೆ ಕಾಪಾಡುತ್ತಿದ್ದ ಧಾನ್ಯವಿದು. ರಾಗಿ ಮಾರುವುದು ತಪ್ಪೆಂದು ನಾನು ಹೇಳಲಾರೆ. ಮನೆಯ ಪಾಲನ್ನು ಮೊದಲು ತೆಗೆದಿರಿಸಿ, ಉಳಿದುದನ್ನು ಮಾರಿರಿ.

ನುಗ್ಗೆ, ದಂಟು, ಹೊನಗೊನೆ ಸೊಪ್ಪುಗಳನ್ನು ಬೇಯಿಸಿದ ನೀರನ್ನು ಚೆಲ್ಲಬೇಡಿರಿ. (ಬಸ್ಸಾರು ಮಾಡುವ ಊರಿನವರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ.) ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣದ ಅಂಶ ರಕ್ತಕ್ಕೆ ಚೆನ್ನಾಗಿ ಸೇರುವುದು. ಊಟವಾದೊಡನೆ ಕುಡಿಯುವ ಚಹಾ, ಕಾಫಿ ಅದಕ್ಕೆ ಅಡ್ಡಿ. ಒಂದು ಗಂಟೆ ಕಳೆಯಲಿ.

ಆದರೆ ಗರ್ಭಿಣಿಗೆ ಆಹಾರವೊಂದೇ ಸಾಲದು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಕಬ್ಬಿಣದ ಮಾತ್ರೆ ಸೇವಿಸತಕ್ಕದ್ದು. ಉಪಕೇಂದ್ರದಲ್ಲಿ ಇದನ್ನು ಉಚಿತವಾಗಿ ಕೊಡುವರು. ಮಲ ಕಪ್ಪಾದರೆ ಹೆದರಬೇಕಾಗಿಲ್ಲ.

ಮುಂದಿನ ವಾರ ಓದಲು ಕೂಡಿದಾಗ, ಹಿಂದಿನ ದಿನ ಹೆಂಡತಿ ಏನು ಉಂಡಳು, ಎಷ್ಟು ಉಂಡಳು ಎಂಬುದನ್ನು ಪ್ರತಿಯೊಬ್ಬ ಗಂಡನೂ ತಾನೇ ಹೇಳಬೇಕು. ಅವಳು ಪಕ್ಕದಿಂದ ಜ್ಞಾಪಿಸಿಕೊಡಕೂಡದು.