ಕ್ರೋಶಾ ಟೋಪಿ: ಕೈಯಲ್ಲಿರುವುದನ್ನು ಕಾಗದಕ್ಕೆ ಇಳಿಸುವುದು ಹೇಗೆ?

ಕೈವಾರ, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಕ್ರೋಶಾ ಗೊತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ಉರ್ದು ಮಾತಾಡುವ ನಮ್ಮ ಮನೆಗಳಲ್ಲಿ ಇದಕ್ಕೆ ಕ್ರೋಶಿಯಾ ಎನ್ನುತ್ತೇವೆ. ನಮಾಜಿನ ಬಿಳಿ ಟೋಪಿ, ಕೂದಲಿಗೆ ಕಟ್ಟುವ ಪಟ್ಟಿ, ದುಪಟ್ಟಾದ ಅಂಚು, ಚಿಕ್ಕ ಕೈಚೀಲ ಎಲ್ಲವೂ ಒಂದೇ ಕೊಕ್ಕೆ ಕಡ್ಡಿಯಿಂದ ಆಗುತ್ತವೆ. ಆದರೆ "ಹೇಗೆ ಹೆಣೆದಿರಿ?" ಎಂದು ಹಿರಿಯರನ್ನು ಕೇಳಿದರೆ "ಪಕ್ಕದಲ್ಲಿ ಕೂತು ನೋಡು" ಎಂಬ ಉತ್ತರ ಸಿಗುತ್ತದೆ. ಪಕ್ಕದಲ್ಲಿ ಕೂರಲು ಆಗದವರಿಗೆ ಆ ವಿದ್ಯೆ ಸಿಗುವುದಿಲ್ಲ. ಆ ಕೈ ನಿಂತ ದಿನ ಟೋಪಿಯ ವಿನ್ಯಾಸವೂ ನಿಂತುಹೋಗುತ್ತದೆ.

ಇದಕ್ಕೆ ಪರಿಹಾರ ಪ್ಯಾಟರ್ನ್. ಪ್ಯಾಟರ್ನ್ ಎಂದರೆ ಹೆಣೆಯುವ ಕ್ರಮವನ್ನು ಲೆಕ್ಕದ ಸಮೇತ ಬರೆದಿಟ್ಟ ಕಾಗದ. ಅಚ್ಚಾದ ಕ್ರೋಶಾ ಪ್ಯಾಟರ್ನ್‌ಗಳಲ್ಲಿ ಅತಿ ಹಳೆಯದೆಂದು ಗುರುತಿಸಿರುವುದು 1823ರಲ್ಲಿ ನೆದರ್ಲೆಂಡ್ಸ್‌ನ 'ಪೆನೆಲೊಪೆ' ಎಂಬ ಪತ್ರಿಕೆಯಲ್ಲಿ ಬಂದದ್ದು. ಅದೂ ಹಣ ಇಡುವ ಚಿಕ್ಕ ಚೀಲದ ಪ್ಯಾಟರ್ನ್.

ನರಸಾಪುರದ ಪಾಠ

ಬರೆದಿಡುವುದು ಏಕೆ ಮುಖ್ಯ ಎಂಬುದಕ್ಕೆ ನಮ್ಮ ಪಕ್ಕದ ಆಂಧ್ರ ಪ್ರದೇಶದಲ್ಲೇ ಒಂದು ಉದಾಹರಣೆ ಇದೆ. ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಕ್ರೋಶಾ ಲೇಸ್ ಹೊರದೇಶಗಳಿಗೆ ಹೋಗುತ್ತದೆ. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಜಿ.ಐ. ಟ್ಯಾಗ್ ಸಿಕ್ಕಿತು. ಆ ಕೆಲಸ ಮಾಡುವ ಹೆಂಗಸರ ಬಗ್ಗೆ ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಅಧ್ಯಯನ ನಡೆಸಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದು ಇದು: ಒಬ್ಬಾಕೆ ಹೂ ಮಾತ್ರ ಹೆಣೆಯುತ್ತಾಳೆ, ಇನ್ನೊಬ್ಬಾಕೆ ಅವುಗಳನ್ನು ಜೋಡಿಸುತ್ತಾಳೆ, ಮಧ್ಯವರ್ತಿ ಒಯ್ಯುತ್ತಾನೆ, ವ್ಯಾಪಾರಿ ಮಾರುತ್ತಾನೆ. ದಿನಕ್ಕೆ ಹಲವು ಗಂಟೆ ದುಡಿದರೂ ಆ ಹೆಂಗಸರನ್ನು ಕೆಲಸಗಾರರೆಂದು ಯಾರೂ ಎಣಿಸಲಿಲ್ಲ. ಮನೆಯಲ್ಲಿರುವ ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸ ಎಂದೇ ತಿಳಿದಿದ್ದರು. ಕೂಲಿಯೂ ಹಾಗೆಯೇ ಬಹಳ ಕಡಿಮೆ ಇತ್ತು.

ವಾಣಿಜ್ಯ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ಕಾಣುವುದು ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ. ಒಂದು ಪೂರ್ತಿ ವಸ್ತುವಿಗೆ ಎಷ್ಟು ನೂಲು, ಎಷ್ಟು ಗಂಟೆ, ಎಷ್ಟು ಬೆಲೆ ಎಂಬುದು ವ್ಯಾಪಾರಿಗೆ ಗೊತ್ತು, ಹೆಣೆದವಳಿಗೆ ಗೊತ್ತಿಲ್ಲ. ನಮ್ಮ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ಹರಾಜಾಗುತ್ತದೆ, ತೂಕವಾಗುತ್ತದೆ, ತಂದ ರೈತನಿಗೆ ದರ ತಿಳಿಯುತ್ತದೆ. ಕ್ರೋಶಾಗೆ ಅಂಥ ಮಾರುಕಟ್ಟೆ ನಮ್ಮಲ್ಲಿ ಇಲ್ಲ. ಆದ್ದರಿಂದ ನಮ್ಮ ತಕ್ಕಡಿಯನ್ನು ನಾವೇ ಬರೆದಿಟ್ಟುಕೊಳ್ಳಬೇಕು.

ತಲೆಯ ಅಳತೆ, ಕೈಯ ಅಳತೆ

ಟೋಪಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ತಲೆಯ ಸುತ್ತಳತೆ 56 ಸೆಂ.ಮೀ. ಎಂದಿಟ್ಟುಕೊಳ್ಳಿ. ಹತ್ತಿ ನೂಲಿನ ಹೆಣಿಗೆ ಸ್ವಲ್ಪ ಹಿಗ್ಗುವುದರಿಂದ ಟೋಪಿಯನ್ನು 55 ಸೆಂ.ಮೀ.ಗೆ ಮಾಡಬೇಕು.

ಮುಂದಿನದು ಕೈಯ ಬಿಗಿತದ ಅಳತೆ. ಟೋಪಿಗೆ ಬಳಸುವ ನೂಲು ಮತ್ತು ಕಡ್ಡಿಯಿಂದಲೇ ಅಂಗೈ ಅಗಲದ ಒಂದು ಚೌಕ ತುಣುಕು ಹೆಣೆಯಿರಿ. ಅದನ್ನು ಒಗೆದು ಒಣಗಿಸಿ, ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕಂಬ ಇವೆ ಎಂದು ಎಣಿಸಿ. 24 ಕಂಬ ಬಂದರೆ 1 ಸೆಂ.ಮೀ.ಗೆ 2.4 ಆಯಿತು. 55 × 2.4 = 132. ಟೋಪಿಯ ಸುತ್ತಿಗೆ 132 ಕಂಬ ಬೇಕು.

ಅದೇ ಕಾಗದ ನೋಡಿ ಬಿಗಿ ಕೈಯವರು ಹೆಣೆದರೆ ಏನಾಗುತ್ತದೆ? ಅವರ ತುಣುಕಿನಲ್ಲಿ 10 ಸೆಂ.ಮೀ.ಗೆ 26 ಕಂಬ ಇದ್ದರೆ, 132ನ್ನು 2.6ರಿಂದ ಭಾಗಿಸಿದಾಗ ಬರುವುದು 51 ಸೆಂ.ಮೀ.ಗಿಂತಲೂ ಕಡಿಮೆ. ದೊಡ್ಡವರಿಗೆಂದು ಹೆಣೆದ ಟೋಪಿ ಚಿಕ್ಕ ಮಕ್ಕಳಿಗೆ ಆಗುತ್ತದೆ. ಎಣಿಕೆ ಒಂದೇ, ಕೈ ಬೇರೆ. ಆದ್ದರಿಂದ ಪ್ಯಾಟರ್ನ್‌ನ ಮೊದಲ ಸಾಲಿನಲ್ಲೇ ಈ ಬಿಗಿತವನ್ನು ಬರೆಯಬೇಕು.

ಬರೆಯುವ ಕ್ರಮ

ಮೇಲಿನ ಲೆಕ್ಕದ ಟೋಪಿಯನ್ನು ಹೀಗೆ ಬರೆಯಬಹುದು:

ಆರಂಭ: 4 ಚೈನ್ ಹಾಕಿ, ಸ್ಲಿಪ್ ಸ್ಟಿಚ್‌ನಿಂದ ಸೇರಿಸಿ ಬಳೆ ಮಾಡಿ. ಪ್ರತಿ ಸುತ್ತೂ 3 ಚೈನ್‌ನಿಂದ ಶುರು. ಅದು 1 ಕಂಬಕ್ಕೆ ಸಮ. ಸುತ್ತಿನ ಕೊನೆಯಲ್ಲಿ ಸ್ಲಿಪ್ ಸ್ಟಿಚ್.
ಸುತ್ತು 1: ಬಳೆಯೊಳಗೆ 12 ಕಂಬ. (12)
ಸುತ್ತು 2: ಪ್ರತಿ ಕಂಬದ ಮೇಲೆ 2 ಕಂಬ. (24)
ಸುತ್ತು 3: ಒಂದರ ಮೇಲೆ 1, ಮುಂದಿನದರ ಮೇಲೆ 2. ಹೀಗೆಯೇ ಸುತ್ತ. (36)
ಸುತ್ತು 4: ಎರಡರ ಮೇಲೆ ಒಂದೊಂದು, ಮುಂದಿನದರ ಮೇಲೆ 2. (48)
ಸುತ್ತು 5ರಿಂದ 11: ಇದೇ ರೀತಿ ಪ್ರತಿ ಸುತ್ತಿಗೂ 12 ಹೆಚ್ಚಿಸಿ. (11ನೆಯ ಸುತ್ತಿಗೆ 132)
ಬದಿ: ಹೆಚ್ಚಿಸದೆ ಸುಮಾರು 7 ಸೆಂ.ಮೀ. ಎತ್ತರ ಬರುವವರೆಗೆ. (ಪ್ರತಿ ಸುತ್ತೂ 132)

ಸಾಲಿನ ಕೊನೆಯ ಆ ಅಂಕಿ ಬಿಡಬಾರದು. ತಪ್ಪಾಗಿದ್ದರೆ ಅಲ್ಲೇ ತಿಳಿಯುತ್ತದೆ. ವೃತ್ತ ಬಟ್ಟಲಿನಂತೆ ಬಾಗಿದರೆ ಹೆಚ್ಚಿಸಿದ್ದು ಸಾಲದು, ಅಂಚು ನೆರಿಗೆಯಾದರೆ ಹೆಚ್ಚಾಯಿತು ಎಂದರ್ಥ.

ಹೆಸರುಗಳಲ್ಲೂ ಎಚ್ಚರ ಬೇಕು. ಬ್ರಿಟಿಷ್ ಪುಸ್ತಕಗಳಲ್ಲಿ ಟ್ರೆಬಲ್ ಎನ್ನುವ ಕಂಬಕ್ಕೆ ಅಮೆರಿಕದ ಪುಸ್ತಕಗಳು ಡಬಲ್ ಕ್ರೋಶೆ ಎನ್ನುತ್ತವೆ. ಬ್ರಿಟಿಷರ ಡಬಲ್ ಕ್ರೋಶೆ ಅದಕ್ಕಿಂತ ಗಿಡ್ಡದು. ಯಾವ ಪದ್ಧತಿ ಎಂದು ಹೇಳದಿದ್ದರೆ ಟೋಪಿಯ ಅಳತೆಯೇ ಬದಲಾಗುತ್ತದೆ. ನಮ್ಮ ತರಗತಿಯಲ್ಲಿ ಕನ್ನಡ, ಉರ್ದು, ತೆಲುಗು ಮೂರೂ ಮನೆಮಾತಿನವರಿದ್ದೇವೆ. ಬರಹದ ಜೊತೆ ಚಿತ್ರವೂ ಇದ್ದರೆ ಎಲ್ಲರಿಗೂ ಅನುಕೂಲ. ಚೈನ್‌ಗೆ ಮೊಟ್ಟೆಯಾಕಾರ, ಕಂಬಕ್ಕೆ ಅಡ್ಡಗೆರೆ ಎಳೆದ ಇಂಗ್ಲಿಷ್ 'ಟಿ' ಅಕ್ಷರ. ಈ ಗುರುತುಗಳನ್ನು ಎಷ್ಟೋ ದೇಶಗಳಲ್ಲಿ ಬಳಸುತ್ತಾರೆ.

ಪರೀಕ್ಷೆ

ಬರೆದವರಿಗೆ ತಮ್ಮ ಕಾಗದದಲ್ಲಿ ಬಿಟ್ಟುಹೋದದ್ದು ಕಾಣುವುದಿಲ್ಲ, ಏಕೆಂದರೆ ಅದು ಕೈಗೆ ಗೊತ್ತಿರುತ್ತದೆ. ಆದ್ದರಿಂದ ಕನಿಷ್ಠ ಮೂವರಿಗೆ ಕೊಡಿ: ಚೆನ್ನಾಗಿ ಬಲ್ಲವರು ಒಬ್ಬರು, ಹೊಸಬರು ಒಬ್ಬರು, ಬಿಗಿ ಅಥವಾ ಸಡಿಲ ಕೈಯವರು ಒಬ್ಬರು. ಅವರು ಹೆಣೆಯುವಾಗ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿಕೊಡಬೇಡಿ. ಅವರು ನಿಂತು ಯೋಚಿಸಿದ ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಲಿ. ಕೊನೆಗೆ ನಾಲ್ಕು ವಿಷಯ ಕೇಳಿ: ಮುಗಿದ ಅಳತೆ, ಹಿಡಿದ ನೂಲಿನ ತೂಕ, ಹಿಡಿದ ಗಂಟೆ, ಅರ್ಥವಾಗದ ಸಾಲು. ಇಬ್ಬರು ಒಂದೇ ಸಾಲಿನಲ್ಲಿ ನಿಂತರೆ ಆ ಸಾಲನ್ನು ತಿದ್ದಿ ಬರೆಯಬೇಕು.

ಬೆಲೆಯ ಲೆಕ್ಕ

ಪರೀಕ್ಷೆಯಿಂದ ಬಂದ ಗಂಟೆ ಮತ್ತು ತೂಕವೇ ನಮ್ಮ ವೆಚ್ಚಪಟ್ಟಿ. ಉದಾಹರಣೆಗೆ ನೂಲಿಗೆ 60 ರೂಪಾಯಿ, ಹೆಣೆಯಲು 6 ಗಂಟೆ, ಮಾರಾಟದ ಬೆಲೆ 150 ರೂಪಾಯಿ ಎಂದುಕೊಳ್ಳಿ. ನೂಲಿನ ಹಣ ಕಳೆದರೆ 90 ಉಳಿಯಿತು. ಗಂಟೆಗೆ 15 ರೂಪಾಯಿ ಮಜೂರಿ. ಈ ಅಂಕಿ ಕಣ್ಣಿಗೆ ಬೀಳುವವರೆಗೆ 150 ರೂಪಾಯಿಯೂ ಲಾಭ ಎಂದೇ ತೋರುತ್ತದೆ. ನಿಜವಾದ ಕ್ರೋಶಾವನ್ನು ಯಂತ್ರದಲ್ಲಿ ಹೆಣೆಯಲು ಬರುವುದಿಲ್ಲ. ಎಷ್ಟೇ ಅಗ್ಗದ ಟೋಪಿಯಾದರೂ ಅದರ ಹಿಂದೆ ಒಬ್ಬರ ಗಂಟೆಗಳು ಇದ್ದೇ ಇರುತ್ತವೆ.

ಹಂಚಿಕೊಳ್ಳುವಾಗ

1957ರ ಹಕ್ಕುಸ್ವಾಮ್ಯ ಕಾಯ್ದೆ ನಾವು ಬರೆದ ಬರಹಕ್ಕೂ ಚಿತ್ರಕ್ಕೂ ರಕ್ಷಣೆ ಕೊಡುತ್ತದೆ. ಹೆಣೆಯುವ ವಿಧಾನಕ್ಕೆ ಕೊಡುವುದಿಲ್ಲ. ಸುತ್ತಿಗೆ 12 ಹೆಚ್ಚಿಸುವುದು ಯಾರ ಸ್ವತ್ತೂ ಅಲ್ಲ. ಆದರೆ ಬೇರೆಯವರು ಬರೆದ ಪ್ಯಾಟರ್ನ್ ಜೆರಾಕ್ಸ್ ಮಾಡಿ ನಮ್ಮ ಹೆಸರು ಹಾಕುವುದು ತಪ್ಪು. ನಮ್ಮ ಕಾಗದದ ಕೆಳಗೆ ಮೂರು ಸಾಲು ಇರಲಿ: ಯಾರಿಂದ ಕಲಿತದ್ದು, ಯಾರು ಬರೆದದ್ದು, ಯಾರು ಪರೀಕ್ಷಿಸಿದ್ದು. ಎಷ್ಟೋ ಟೋಪಿ ಹೆಣೆದರೂ ಎಲ್ಲಿಯೂ ಹೆಸರಿಲ್ಲದ ನಮ್ಮ ದಾದಿ, ನಾನಿ, ಖಾಲಾಗಳ ಹೆಸರು ಬರುವುದು ಆ ಮೊದಲ ಸಾಲಿನಲ್ಲಿ.

ಅಭ್ಯಾಸ

ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಹೆಣೆಯುವವರೊಬ್ಬರ ಬಳಿ ಒಂದು ಟೋಪಿ ಇಲ್ಲವೇ ಕೂದಲ ಪಟ್ಟಿ ಕೇಳಿ ಪಡೆಯಿರಿ. ಸುತ್ತುಗಳನ್ನು ಎಣಿಸಿ, ಅಳತೆ ಮತ್ತು ಬಿಗಿತ ಬರೆದು, ಒಂದು ಪುಟದ ಪ್ಯಾಟರ್ನ್ ಮಾಡಿ. ಅದನ್ನು ಆ ವಸ್ತು ನೋಡಿರದ ಸಹಪಾಠಿಗೆ ಕೊಡಿ. ಆ ಪುಟ ಒಂದನ್ನೇ ನೋಡಿ ಅವರು ಹೆಣೆದದ್ದು ಅಳತೆಗೆ ಸರಿಬಂದರೆ ನಿಮ್ಮ ಪ್ಯಾಟರ್ನ್ ಮುಗಿಯಿತು.